ಗತಿ, ಶ್ರುತಿ, ಭಾವ: ಒಂದು ಓಟದ ಸಂಗೀತ



ಮಾತಿಗೆ ಮುನ್ನ ಒಂದು ಸಣ್ಣ ಕೆಲಸ ಮಾಡೋಣ. ಸೆಕೆಂಡಿನ ಮುಳ್ಳಿರುವ ಗಡಿಯಾರವೊಂದನ್ನು ಎದುರಿಗಿಟ್ಟುಕೊಳ್ಳಿ. ಬಲಗೈಯ ಎರಡು ಬೆರಳುಗಳನ್ನು ಎಡಗೈಯ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕಡೆಗೆ ಮೆಲ್ಲಗೆ ಒತ್ತಿ ಹಿಡಿಯಿರಿ. ನಾಡಿ ಸಿಕ್ಕಿತೆ? ಒಂದು ನಿಮಿಷ ಎಣಿಸಿ. ಸುಮ್ಮನೆ ಕುಳಿತಿರುವ ಆರೋಗ್ಯವಂತರ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100 ಬಾರಿ ಮಿಡಿಯುತ್ತದೆ. ನಿಮ್ಮದು 70ರ ಆಸುಪಾಸಿನಲ್ಲಿದ್ದರೆ, ಇಂದು ನಾನು ಹೇಳಲಿರುವ ಸಂಗೀತದ ಗತಿ ಈಗಾಗಲೇ ನಿಮ್ಮ ಬೆರಳಿಗೆ ಸಿಕ್ಕಿದೆ ಎಂದು ತಿಳಿಯಿರಿ.

ಆ ಸಂಗೀತ ಯಾವುದು? 1981ರಲ್ಲಿ ತೆರೆಗೆ ಬಂದ 'ಚಾರಿಯಟ್ಸ್ ಆಫ್ ಫೈರ್' ಎಂಬ ಇಂಗ್ಲಿಷ್ ಚಲನಚಿತ್ರದ ಶೀರ್ಷಿಕೆ ಸಂಗೀತ. ಹೆಸರು ಕೇಳಿಲ್ಲದವರೂ ಈ ಸಂಗೀತವನ್ನು ಕೇಳಿರುತ್ತೀರಿ. ಶಾಲೆಯ ಕ್ರೀಡಾದಿನದಲ್ಲೋ, ಜಾಹೀರಾತಿನಲ್ಲೋ, ಟೀವಿಯಲ್ಲಿ ಓಟಗಾರರು ನಿಧಾನಗತಿಯಲ್ಲಿ ಗುರಿ ಮುಟ್ಟುವ ದೃಶ್ಯದ ಹಿಂದೆಯೋ ಅದು ಎಲ್ಲೋ ಒಂದು ಕಡೆ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಅದರಲ್ಲಿ ಹಾಡಿಲ್ಲ, ಮಾತಿಲ್ಲ. ಸುಮಾರು ಮೂರೂವರೆ ನಿಮಿಷದ ಬರಿಯ ವಾದ್ಯಸಂಗೀತ. ಆದರೂ 1982ರ ಮೇ ತಿಂಗಳಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಅದೇ ವರ್ಷ ಚಿತ್ರದ ಸಂಗೀತಕ್ಕೆ ಆಸ್ಕರ್ ಪ್ರಶಸ್ತಿಯೂ ಬಂದಿತು.

ಮಾತೇ ಇಲ್ಲದ ಸಂಗೀತ ಕೇಳಿ ಒಬ್ಬರಿಗೆ ಮೈ ಜುಮ್ಮೆನ್ನುತ್ತದೆ, ಇನ್ನೊಬ್ಬರ ಕಣ್ಣಲ್ಲಿ ನೀರಾಡುತ್ತದೆ. ಇದು ಹೇಗಾಗುತ್ತದೆ? ಆ ಭಾವ ಎಲ್ಲಿ ಕುಳಿತಿದೆ? ಗತಿಯಲ್ಲೋ, ಶ್ರುತಿಯಲ್ಲೋ, ರಾಗದಲ್ಲೋ, ಅಥವಾ ಕೇಳುವ ನಮ್ಮಲ್ಲೋ? ನಾನು ಓದಿದ್ದು ಭೌತಶಾಸ್ತ್ರ, ಹೊಟ್ಟೆಪಾಡಿಗೆ ಹಿಡಿದದ್ದು ಟೆಲಿವಿಷನ್ ಕಾರ್ಯಕ್ರಮಗಳ ತಯಾರಿಕೆ. ಹಾಗಾಗಿ ಈ ಪ್ರಶ್ನೆಯನ್ನು ಮೊದಲು ಲೆಕ್ಕದಿಂದ ಬಿಡಿಸಲು ಹೋದೆ. ಲೆಕ್ಕ ಎಲ್ಲಿಯವರೆಗೆ ಕೈಹಿಡಿಯಿತು, ಎಲ್ಲಿ ನನ್ನನ್ನು ತಪ್ಪುದಾರಿಗೆ ಎಳೆಯಿತು ಎಂಬುದೇ ಇಂದಿನ ಮಾತು.

ಮೊದಲು ಸಂಗೀತ ಮಾಡಿದವರ ವಿಷಯ. ಅವರ ಹೆಸರು ವ್ಯಾಂಜೆಲಿಸ್. 1943ರಲ್ಲಿ ಗ್ರೀಸ್ ದೇಶದಲ್ಲಿ ಹುಟ್ಟಿ, 2022ರ ಮೇ ತಿಂಗಳಲ್ಲಿ ತೀರಿಕೊಂಡರು. ಸಂಗೀತವನ್ನು ಸ್ವರಲಿಪಿಯಲ್ಲಿ ಬರೆದು ಓದುವ ಶಾಸ್ತ್ರೀಯ ಶಿಕ್ಷಣ ಅವರಿಗೆ ಇರಲಿಲ್ಲ. ವಾದ್ಯದ ಮುಂದೆ ಕುಳಿತು ನುಡಿಸುತ್ತಲೇ ಕಟ್ಟುತ್ತಿದ್ದರು. ಲಂಡನ್ನಿನಲ್ಲಿ ಅವರದೇ ಧ್ವನಿಮುದ್ರಣ ಕೊಠಡಿಯಿತ್ತು. ಅಲ್ಲಿ ಯಮಾಹ ಸಿಎಸ್-80 ಎಂಬ, ನೂರು ಕಿಲೋಗ್ರಾಮಿನಷ್ಟು ತೂಗುವ ಸಿಂಥಸೈಸರ್ ಇತ್ತು. ಪಿಯಾನೊ ಇತ್ತು, ವಿದ್ಯುನ್ಮಾನ ತಾಳಯಂತ್ರವಿತ್ತು. ದೊಡ್ಡ ವಾದ್ಯವೃಂದವಿಲ್ಲದೆ, ಬಹುಪಾಲು ಒಬ್ಬರೇ ಕುಳಿತು ಈ ಸಂಗೀತವನ್ನು ಸಿದ್ಧಪಡಿಸಿದರು.

ಚಿತ್ರದ ಕಥೆ ನಡೆಯುವುದು 1924ರ ಪ್ಯಾರಿಸ್ ಒಲಿಂಪಿಕ್ಸ್ ಸುತ್ತಮುತ್ತ. ಬ್ರಿಟನ್ನಿನ ಹೆರಾಲ್ಡ್ ಅಬ್ರಹಾಮ್ಸ್ 100 ಮೀಟರ್ ಓಟದಲ್ಲೂ ಎರಿಕ್ ಲಿಡೆಲ್ 400 ಮೀಟರ್ ಓಟದಲ್ಲೂ ಚಿನ್ನ ಗೆದ್ದ ನಿಜಕಥೆ ಅದು. ಅಂಥ ಹಳೆಯ ಕಾಲದ ಕಥೆಗೆ ಯಾರಾದರೂ ಪಿಟೀಲು, ತುತ್ತೂರಿಗಳ ಸಂಗೀತ ಕೊಡುತ್ತಿದ್ದರು. ಇವರು ಸಿಂಥಸೈಸರ್ ಕೊಟ್ಟರು. ಚಿತ್ರದ ಆರಂಭದಲ್ಲಿ ಬಿಳಿ ಉಡುಪಿನ ಓಟಗಾರರ ಗುಂಪೊಂದು ಸಮುದ್ರದಂಡೆಯ ಒದ್ದೆ ಮರಳಿನ ಮೇಲೆ ಬರಿಗಾಲಲ್ಲಿ ಓಡಿ ಬರುತ್ತದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಎಂಬ ಊರಿನ ಕಡಲತೀರದಲ್ಲಿ ಅದರ ಚಿತ್ರೀಕರಣ ನಡೆಯಿತು. ನಿರ್ದೇಶಕ ಹ್ಯೂ ಹಡ್ಸನ್ ಆ ದೃಶ್ಯಕ್ಕೆ ಮೊದಲು ಬಯಸಿದ್ದು ವ್ಯಾಂಜೆಲಿಸ್ ಅವರದೇ ಇನ್ನೊಂದು ಹಳೆಯ ರಚನೆಯನ್ನು. ಇದಕ್ಕಿಂತ ಚೆನ್ನಾದದ್ದನ್ನು ಹೊಸದಾಗಿ ಮಾಡಿಕೊಡುತ್ತೇನೆಂದು ವ್ಯಾಂಜೆಲಿಸ್ ಅವರನ್ನು ಒಪ್ಪಿಸಿದರು. ಹಾಗೆ ಹುಟ್ಟಿದ್ದು ಇದು.

ಈಗ ಗತಿಯ ವಿಷಯಕ್ಕೆ ಬರೋಣ. ಈ ಸಂಗೀತಕ್ಕೆ ಕಾಲಿನಿಂದ ತಾಳ ತಟ್ಟುತ್ತಾ ಹೋದರೆ ನಿಮಿಷಕ್ಕೆ ಸುಮಾರು 68 ತಟ್ಟು ಬರುತ್ತದೆ. ಅಂದರೆ ಒಂದು ತಟ್ಟಿಗೂ ಮುಂದಿನದಕ್ಕೂ ನಡುವೆ 0.88 ಸೆಕೆಂಡು. ನಮ್ಮ ಟೆಲಿವಿಷನ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮುಗಳು. ಹಾಗಾಗಿ ಸಂಕಲನದ ಮೇಜಿನ ಮುಂದೆ ಕುಳಿತವರ ಭಾಷೆಯಲ್ಲಿ ಒಂದು ತಟ್ಟಿಗೆ 22 ಫ್ರೇಮು. ನಮ್ಮ ಸಂಗೀತದವರು ಇದನ್ನು ವಿಳಂಬಕಾಲ ಎನ್ನದಿದ್ದರೂ ನಿಧಾನದ ಕಡೆಗೇ ಸೇರಿಸುತ್ತಾರೆ. ಕುಣಿಯುವ ಜನಪ್ರಿಯ ಹಾಡುಗಳು ನಿಮಿಷಕ್ಕೆ 120ರ ಆಸುಪಾಸಿನಲ್ಲಿ ಓಡುವುದನ್ನು ನೆನೆದರೆ ಇದು ಅವುಗಳ ಅರ್ಧದಷ್ಟೇ ಸರಿ.

ಓಟದ ಚಿತ್ರಕ್ಕೆ ಇಷ್ಟು ನಿಧಾನದ ಸಂಗೀತವೇಕೆ ಎಂದು ನೀವು ಕೇಳಬಹುದು. ಉತ್ತರ ಬೇಕಿದ್ದರೆ ಮತ್ತೊಮ್ಮೆ ಕೇಳಬೇಕು, ಈ ಸಲ ಮೇಲಿನ ರಾಗವನ್ನು ಬಿಟ್ಟು ಅಡಿಯಲ್ಲಿರುವುದನ್ನು. ಆರಂಭದಿಂದಲೇ ತಗ್ಗಿನಲ್ಲಿ ಒಂದೇ ಸ್ವರ ಬಿಡದೆ ಮಿಡಿಯುತ್ತಿರುತ್ತದೆ. ಒಂದು ತಟ್ಟಿಗೆ ನಾಲ್ಕು ಮಿಡಿತ. 68ನ್ನು ನಾಲ್ಕರಿಂದ ಗುಣಿಸಿ: ನಿಮಿಷಕ್ಕೆ 272, ಅಂದರೆ ಸೆಕೆಂಡಿಗೆ ನಾಲ್ಕೂವರೆ. ಈಗ ಓಟದ ಮೈದಾನಕ್ಕೆ ಹೋಗೋಣ. 100 ಮೀಟರ್ ಓಡುವ ನುರಿತ ಓಟಗಾರರ ಪಾದಗಳು ಪೂರ್ಣವೇಗದಲ್ಲಿ ಸೆಕೆಂಡಿಗೆ ನಾಲ್ಕರಿಂದ ಐದು ಬಾರಿ ನೆಲ ಮುಟ್ಟುತ್ತವೆ. ವ್ಯಾಂಜೆಲಿಸ್ ಇದನ್ನು ಲೆಕ್ಕಹಾಕಿ ಮಾಡಿದರೆಂದು ನಾನು ಹೇಳುತ್ತಿಲ್ಲ. ಆದರೆ ಕಿವಿಯೇ ಸಾಕ್ಷಿ: ಅಡಿಯಲ್ಲಿ ಕಾಲುಗಳ ವೇಗವಿದೆ, ಮೇಲೆ ಉಸಿರಿನ ನಿಧಾನವಿದೆ. ಎರಡು ಕಾಲಗಳು ಒಂದರ ಮೇಲೊಂದು ಓಡುತ್ತಿವೆ. ಮೃದಂಗದವರು ತಾಳವನ್ನು ಮುಟ್ಟದೆ ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು ನುಡಿಸುವುದನ್ನು ಕೇಳಿದವರಿಗೆ ಇದು ಹೊಸದಲ್ಲ.

ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ನಾನು ಮಾಡಿದ ತಪ್ಪು ಇದೇ ಜಾಗದಲ್ಲಿದೆ.

ಇನ್ನು ಶ್ರುತಿ. ಪಾಶ್ಚಾತ್ಯರು ಇದನ್ನು ಡಿ ಫ್ಲ್ಯಾಟ್ ಮೇಜರ್ ಎಂದು ಕರೆಯುತ್ತಾರೆ. ಈ ಹೆಸರಿನಲ್ಲಿ ಎರಡು ಸಂಗತಿಗಳಿವೆ, ಬೇರೆ ಬೇರೆ ಮಾಡಿ ನೋಡಬೇಕು. ಡಿ ಫ್ಲ್ಯಾಟ್ ಎಂಬುದು ಆಧಾರ ಷಡ್ಜವನ್ನು ಎಲ್ಲಿ ಇಟ್ಟುಕೊಂಡಿದ್ದೇವೆ ಎಂಬುದನ್ನು ಹೇಳುತ್ತದೆ. ಹಾರ್ಮೋನಿಯಮ್ಮಿನಲ್ಲಿ ಅದು ಮೊದಲನೆಯ ಕಪ್ಪು ಮನೆ. ನಮ್ಮ ಸಂಗೀತದ ಮೇಷ್ಟ್ರುಗಳು ಒಂದೂವರೆ ಮನೆ ಶ್ರುತಿ ಎನ್ನುತ್ತಾರೆ. ವಾದ್ಯದ ನಡುಭಾಗದಲ್ಲಿ ಆ ಸ್ವರದ ಕಂಪನ ಸೆಕೆಂಡಿಗೆ ಸುಮಾರು 277. ಮೇಜರ್ ಎಂಬುದು ಬೇರೆ: ಷಡ್ಜದಿಂದ ಉಳಿದ ಸ್ವರಗಳು ಎಷ್ಟೆಷ್ಟು ದೂರದಲ್ಲಿವೆ ಎಂಬ ಅಳತೆ. ಆ ಏಳು ಸ್ವರಗಳ ಸಾಲು ನಮಗೆ ಹೊಸದೇನಲ್ಲ. ಅದು 29ನೆಯ ಮೇಳಕರ್ತ, ಧೀರ ಶಂಕರಾಭರಣ. ಗಮಕವಿಲ್ಲದೆ ನೇರವಾಗಿ ನುಡಿಸಿದರೆ ಪಾಶ್ಚಾತ್ಯರ ಮೇಜರ್ ಆಗುತ್ತದೆ. ಎರಡು ಶತಮಾನಗಳ ಹಿಂದೆ ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಮಟ್ಟುಗಳನ್ನು ಕೇಳಿ ನೊಟ್ಟುಸ್ವರಗಳನ್ನು ರಚಿಸಿದಾಗ ಅವು ಶಂಕರಾಭರಣದಲ್ಲಿ ಬಂದು ಕುಳಿತದ್ದು ಇದರಿಂದಲೇ.

ಈ ಏಳು ಸ್ವರಗಳಿಂದ ವ್ಯಾಂಜೆಲಿಸ್ ಮಾಡಿದ್ದೇನು? ಪಿಯಾನೊ ಆಧಾರ ಸ್ವರದಿಂದ ಒಮ್ಮೆಲೇ ಮಧ್ಯಮಕ್ಕೆ ಜಿಗಿಯುತ್ತದೆ. ಅಲ್ಲಿಂದ ಎರಡು ಮೆಟ್ಟಿಲು ಹತ್ತುತ್ತದೆ, ಒಂದು ಮೆಟ್ಟಿಲು ಇಳಿಯುತ್ತದೆ, ನಿಲ್ಲುತ್ತದೆ. ಮತ್ತೆ ಕೆಳಗಿನಿಂದಲೇ ಶುರುಮಾಡಿ ಅದೇ ಜಿಗಿತ, ಅದೇ ಮೆಟ್ಟಿಲು. ಪ್ರತಿ ಸಲವೂ ನೆಲದಿಂದಲೇ ಪ್ರಯತ್ನ. ಕೇಳುವವರಿಗೆ ಯಾರೋ ಬಿಡದೆ ಯತ್ನಿಸುತ್ತಿದ್ದಾರೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಹಾಗಾದರೆ 68 ಎಂಬ ಗತಿಯೂ ಡಿ ಫ್ಲ್ಯಾಟ್ ಎಂಬ ಶ್ರುತಿಯೂ ಕದಲಿಸಬಾರದ ಸಂಖ್ಯೆಗಳೆ? ಇದಕ್ಕೆ ನಮ್ಮ ಟೆಲಿವಿಷನ್ನೇ ಒಂದು ಸೊಗಸಾದ ಉತ್ತರ ಕೊಟ್ಟಿದೆ.

ಚಲನಚಿತ್ರವನ್ನು ತೆಗೆಯುವುದು ಸೆಕೆಂಡಿಗೆ 24 ಫ್ರೇಮುಗಳಂತೆ. ನಮ್ಮ ದೇಶದಲ್ಲೂ ಯೂರೋಪಿನ ಬಹುಪಾಲು ದೇಶಗಳಲ್ಲೂ ಟೀವಿ ಓಡುವುದು 25ರಂತೆ. ಹಿಂದೆ ಚಲನಚಿತ್ರವನ್ನು ಟೀವಿಗೆ ವರ್ಗಾಯಿಸುವಾಗ ಸುಲಭದ ಒಂದು ಉಪಾಯ ಮಾಡುತ್ತಿದ್ದರು: ಇಡೀ ಚಿತ್ರವನ್ನು ತುಸು ಬೇಗ, ಸೆಕೆಂಡಿಗೆ 25 ಫ್ರೇಮಿನಂತೆ ಓಡಿಸಿಬಿಡುವುದು. ಶೇಕಡಾ ನಾಲ್ಕರಷ್ಟು ವೇಗ ಹೆಚ್ಚುತ್ತಿತ್ತು. ಎರಡು ಗಂಟೆಯ ಚಿತ್ರ ಸುಮಾರು ಐದು ನಿಮಿಷ ಮೊದಲೇ ಮುಗಿಯುತ್ತಿತ್ತು. ಜೊತೆಗೆ ಧ್ವನಿಯೂ ಬೇಗ ಓಡುತ್ತಿದ್ದುದರಿಂದ ಅದರ ಕಂಪನಸಂಖ್ಯೆಯೂ ಅಷ್ಟೇ ಏರುತ್ತಿತ್ತು. ನಿಮಿಷಕ್ಕೆ 68 ತಟ್ಟಿನ ಸಂಗೀತ 71ಕ್ಕೆ ಹತ್ತಿರವಾಗುತ್ತಿತ್ತು. 277 ಕಂಪನದ ಷಡ್ಜ 289ರ ಹತ್ತಿರ ಹೋಗುತ್ತಿತ್ತು. ಒಂದು ಮನೆಯಿಂದ ಮುಂದಿನ ಮನೆಗೆ ಶೇಕಡಾ ಆರರಷ್ಟು ಅಂತರ. ಇದು ಶೇಕಡಾ ನಾಲ್ಕು. ಹೀಗೆ ಒಂದೂವರೆ ಮನೆಯ ಸಂಗೀತ ಎರಡು ಮನೆಯ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ನಡೆದುಬಿಡುತ್ತಿತ್ತು. ಇಂದಿನ ಯಂತ್ರಗಳು ಶ್ರುತಿಯನ್ನು ಸರಿಪಡಿಸಬಲ್ಲವು. ಆಗ ಹಾಗೆಯೇ ಬಿಡುತ್ತಿದ್ದುದೇ ಹೆಚ್ಚು.

ಅಂದರೆ ಚಿತ್ರಮಂದಿರದಲ್ಲಿ ನೋಡಿದವರೂ ಹಾಗೆ ವರ್ಗಾಯಿಸಿದ ಚಿತ್ರವನ್ನು ಟೀವಿಯಲ್ಲಿ ನೋಡಿದವರೂ ಕೇಳಿದ್ದು ಬೇರೆ ಬೇರೆ ಗತಿ, ಬೇರೆ ಬೇರೆ ಶ್ರುತಿ. ಸೂಕ್ಷ್ಮ ಕಿವಿಯ ಸಂಗೀತಗಾರರನ್ನು ಬಿಟ್ಟರೆ ಉಳಿದವರಿಗೆ ಅದು ತಿಳಿಯುವುದೇ ಇಲ್ಲ. ನಮ್ಮಲ್ಲೂ ಅಷ್ಟೆ: ಒಂದೇ ಕೀರ್ತನೆಯನ್ನು ಒಬ್ಬ ಗಾಯಕಿ ಐದು ಮನೆಯಲ್ಲಿ ಹಾಡುತ್ತಾರೆ, ಒಬ್ಬ ಗಾಯಕ ಒಂದು ಮನೆಯಲ್ಲಿ ಹಾಡುತ್ತಾರೆ. ಭಾವ ಕೆಡುವುದಿಲ್ಲ. ಸ್ವರಗಳ ನಡುವಿನ ಅನುಪಾತ ಉಳಿದರೆ ರಾಗ ಉಳಿಯಿತು.

ಗತಿಯನ್ನು ಮಾತ್ರ ಎಷ್ಟು ಬೇಕಾದರೂ ಎಳೆಯುವಂತಿಲ್ಲ. ನಿಮ್ಮ ಮೊಬೈಲಿನಲ್ಲಿ ಶ್ರುತಿ ಬದಲಾಗದಂತೆ ವೇಗ ಹೆಚ್ಚಿಸುವ ಸೌಲಭ್ಯವಿದ್ದರೆ ಈ ಸಂಗೀತವನ್ನು ಎರಡು ಪಟ್ಟು ವೇಗದಲ್ಲಿ ಕೇಳಿ. 136ರ ಗತಿಯಲ್ಲಿ ಆ ಗಾಂಭೀರ್ಯವೆಲ್ಲ ಹೋಗಿ ಮದುವೆ ಮೆರವಣಿಗೆಯ ಬ್ಯಾಂಡಿನಂತಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕೇಟ್ ಹೆವ್ನರ್ 1930ರ ದಶಕದಲ್ಲಿಯೇ ಇಂಥ ಪ್ರಯೋಗಗಳನ್ನು ಮಾಡಿದ್ದರು. ಒಂದೇ ರಚನೆಯನ್ನು ಎರಡು ರೀತಿ ನುಡಿಸಿ, ಒಮ್ಮೆ ವೇಗವಾಗಿ ಒಮ್ಮೆ ನಿಧಾನವಾಗಿ, ಅಥವಾ ಒಮ್ಮೆ ಮೇಜರ್ ಒಮ್ಮೆ ಮೈನರ್, ಕೇಳಿದವರು ಗುಣವಾಚಕಗಳ ಪಟ್ಟಿಯಲ್ಲಿ ತಮಗೆ ಅನ್ನಿಸಿದ್ದಕ್ಕೆ ಗುರುತು ಹಾಕಬೇಕಿತ್ತು. ಗತಿಯ ಪ್ರಭಾವ ಬಹಳ ದೊಡ್ಡದೆಂದು ಕಂಡುಬಂತು. ವೇಗವಾದದ್ದು ಉಲ್ಲಾಸ, ಉದ್ವೇಗದ ಕಡೆಗೆ. ನಿಧಾನವಾದದ್ದು ಶಾಂತಿ, ಗಾಂಭೀರ್ಯ, ಹಂಬಲದ ಕಡೆಗೆ.

ಇದನ್ನೆಲ್ಲ ಓದಿಕೊಂಡ ವಿಜ್ಞಾನ ಪದವೀಧರನೊಬ್ಬ ಏನು ಮಾಡುತ್ತಾನೆ? ಸೂತ್ರ ಬರೆಯುತ್ತಾನೆ. ನಾನೂ ಬರೆದೆ. ನಿಧಾನಗತಿ, ಶಂಕರಾಭರಣ, ಪಿಯಾನೊ, ಸ್ವಲ್ಪ ಪ್ರತಿಧ್ವನಿ. ಇವನ್ನು ಕೂಡಿಸಿದರೆ ಉದಾತ್ತ ಭಾವ ಸಿದ್ಧ ಎಂದುಕೊಂಡೆ.

ಹನ್ನೆರಡು ವರ್ಷಗಳ ಹಿಂದಿನ ಮಾತು. ಪ್ರೌಢಶಾಲೆಗಳ ಕ್ರೀಡಾಕೂಟವೊಂದರ ಬಗ್ಗೆ ಅರ್ಧ ಗಂಟೆಯ ಕಾರ್ಯಕ್ರಮ ಮಾಡಬೇಕಿತ್ತು. ಹುಡುಗಿಯರ 3000 ಮೀಟರ್ ಓಟವನ್ನು ಚಿತ್ರಿಸಿಕೊಂಡೆವು. ಓಡಿದವರಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಬರಿಗಾಲಲ್ಲಿದ್ದಳು. ತೆಳ್ಳಗೆ, ಎತ್ತರವಾಗಿ, ಹಲ್ಲು ಕಚ್ಚಿ ಓಡುತ್ತಿದ್ದಳು. ನಾಲ್ಕನೆಯವಳಾಗಿ ಮುಗಿಸಿದಳು, ಪದಕ ಬರಲಿಲ್ಲ. ಕ್ಯಾಮೆರಾದವರು ಅವಳನ್ನು ಕೊನೆಯ ಸುತ್ತು ಪೂರ್ತಿ ಹಿಂಬಾಲಿಸಿದ್ದರು. ಸಂಕಲನದ ಕೋಣೆಯಲ್ಲಿ ಆ ಚಿತ್ರ ನೋಡಿದ ಕೂಡಲೇ ನನ್ನ ತಲೆಯಲ್ಲಿ ಸ್ಕಾಟ್ಲೆಂಡಿನ ಕಡಲತೀರ ಬಂದು ನಿಂತಿತು.

ನಮ್ಮ ಕೀಬೋರ್ಡ್ ಕಲಾವಿದರನ್ನು ಕರೆದು ಹೇಳಿದೆ: 68ರ ಗತಿ, ಒಂದೂವರೆ ಮನೆ, ಶಂಕರಾಭರಣ, ಪಿಯಾನೊ ನಾದ. ಅವರು ತಮ್ಮದೇ ಆದ ಒಂದು ಇಂಪಾದ ತುಣುಕು ನುಡಿಸಿಕೊಟ್ಟರು. ಹುಡುಗಿಯ ಹೆಜ್ಜೆಗಳನ್ನು ಎಣಿಸಿದೆ. 25 ಫ್ರೇಮಿಗೆ ಮೂರು ಹೆಜ್ಜೆ, ಅಂದರೆ ನಿಮಿಷಕ್ಕೆ 180. ಅದನ್ನು ನಿಧಾನಗೊಳಿಸಿ 68ಕ್ಕೆ ತಂದೆ. ಈಗ ಅವಳ ಒಂದೊಂದು ಪಾದವೂ ಒಂದೊಂದು ತಟ್ಟಿನ ಮೇಲೆ ನೆಲ ಮುಟ್ಟುತ್ತಿತ್ತು. ಮೈದಾನದ ಗಲಾಟೆ, ಪಾದದ ಸದ್ದು ಎಲ್ಲವನ್ನೂ ತೆಗೆದುಹಾಕಿ ಸಂಗೀತ ಮಾತ್ರ ಉಳಿಸಿದೆ. ಕೋಣೆಯಲ್ಲಿದ್ದವರೆಲ್ಲ ಮಾತಿಲ್ಲದೆ ನೋಡಿದರು. ಒಬ್ಬರು ಕಣ್ಣೊರೆಸಿಕೊಂಡರು. ಸೂತ್ರ ಗೆದ್ದಿತೆಂದು ಹಿಗ್ಗಿದೆ.

ಪ್ರಸಾರವಾದ ಎರಡು ದಿನಕ್ಕೆ ಆ ಶಾಲೆಯ ದೈಹಿಕ ಶಿಕ್ಷಕರು ಫೋನು ಮಾಡಿದರು. "ಕಾರ್ಯಕ್ರಮ ಚೆನ್ನಾಗಿತ್ತು ಸಾರ್. ಹುಡುಗಿ ಏನೋ ಹೇಳಬೇಕಂತೆ, ಕೊಡ್ತೀನಿ" ಎಂದರು. ಧನ್ಯವಾದ ಹೇಳಲಿದ್ದಾಳೆಂದು ಕಾದೆ.

"ಸಾರ್, ಅವತ್ತು ನಾನು ಅಷ್ಟು ಮೆಲ್ಲಗೆ ಓಡಿರಲಿಲ್ಲ" ಎಂದಳು. ನಾನು ಏನೋ ಹೇಳಲು ಹೊರಟೆ. ಅವಳು ಬಿಡಲಿಲ್ಲ. "ಹೋದ ವರ್ಷಕ್ಕಿಂತ ಹತ್ತೊಂಬತ್ತು ಸೆಕೆಂಡು ಬೇಗ ಮುಗಿಸಿದೀನಿ ಸಾರ್. ಟೀವಿ ನೋಡಿದವರೆಲ್ಲ ಪಾಪ, ಪಾಪ ಅಂತಿದಾರೆ. ನಮ್ಮಮ್ಮನ್ನ ಹುಡುಗಿಗೆ ಹುಷಾರಿರಲಿಲ್ವಾ ಅಂತ ಕೇಳಿದ್ರಂತೆ."

ಅದು ನಿಧಾನಗತಿಯ ಚಿತ್ರಣ, ಅಂದಕ್ಕಾಗಿ ಮಾಡಿದ್ದು ಎಂದೆಲ್ಲ ವಿವರಿಸಿದೆ. "ಹೂಂ ಸಾರ್" ಎಂದಳು. ಒಪ್ಪಿದಂತೆ ಕೇಳಿಸಲಿಲ್ಲ.

ಅಂದು ರಾತ್ರಿ ಮತ್ತೆ ವ್ಯಾಂಜೆಲಿಸ್ ಸಂಗೀತವನ್ನು ಹಾಕಿಕೊಂಡು ಕೇಳಿದೆ. ಆಗ ಗಮನಕ್ಕೆ ಬಂದದ್ದೇ ನಾನು ಮೊದಲು ನಿಮಗೆ ಹೇಳಿದ ಅಡಿಯ ಮಿಡಿತ. ಅಲ್ಲಿಯವರೆಗೆ ಅದನ್ನು ಬರಿಯ ಅಲಂಕಾರವೆಂದುಕೊಂಡಿದ್ದೆ. ಆ ಚಿತ್ರದಲ್ಲಿ ಓಟಗಾರರು ತೆರೆಯ ಮೇಲೆ ನಿಧಾನವಾಗಿ ತೇಲುತ್ತಿದ್ದರೂ ಕಿವಿಯಲ್ಲಿ ಅವರ ನಿಜವಾದ ವೇಗ ಓಡುತ್ತಲೇ ಇರುತ್ತದೆ. ಅವರು ದುರ್ಬಲರೆಂದು ನಮಗೆ ಒಂದು ಕ್ಷಣವೂ ಅನ್ನಿಸುವುದಿಲ್ಲ. ನಾನೋ 68ನ್ನು ತಂದೆ, 272ನ್ನು ಬಿಟ್ಟೆ. ಹುಡುಗಿಯ ಹೆಜ್ಜೆಗಳನ್ನು ಚಿತ್ರದಿಂದಲೂ ತೆಗೆದೆ, ಧ್ವನಿಯಿಂದಲೂ ತೆಗೆದೆ. ಉಳಿದದ್ದು ಬರಿಗಾಲು, ಬಾಡಿದ ಮುಖ, ಇಂಪಾದ ಪಿಯಾನೊ. ನೋಡಿದವರು 'ಪಾಪ' ಎನ್ನದೆ ಇನ್ನೇನು ಹೇಳಿಯಾರು? ತನ್ನ ಜೀವನದ ಅತ್ಯುತ್ತಮ ಓಟ ಓಡಿದವಳನ್ನು ನಾನು ಕರುಣೆಗೆ ಪಾತ್ರಳಾದವಳನ್ನಾಗಿ ಮಾಡಿದ್ದೆ. ಅದೂ ಒಂದು ಸುಳ್ಳಿನ ಮಾತನ್ನೂ ಆಡದೆ.

ಈ ಸಂಗೀತದ ಬಗ್ಗೆಯೇ ಒಮ್ಮೆ ನ್ಯಾಯಾಲಯದಲ್ಲಿ ವಾದ ನಡೆದಿತ್ತು. ಎರಡು ಮೆಟ್ಟಿಲು ಹತ್ತಿ ಒಂದು ಇಳಿಯುವ ಆ ನಾಲ್ಕು ಸ್ವರಗಳನ್ನು ಇನ್ನೊಬ್ಬ ಗ್ರೀಕ್ ಸಂಗೀತಗಾರರ ಹಾಡಿನಿಂದ ನಕಲು ಮಾಡಲಾಗಿದೆ ಎಂಬುದು ಆರೋಪ. 1987ರಲ್ಲಿ ಲಂಡನ್ನಿನ ನ್ಯಾಯಾಲಯ ವ್ಯಾಂಜೆಲಿಸ್ ಪರವಾಗಿ ತೀರ್ಪು ಕೊಟ್ಟಿತು. ಅಂಥ ನಾಲ್ಕು ಸ್ವರಗಳ ತಿರುವು ಎಷ್ಟೋ ಸಂಗೀತಗಳಲ್ಲಿ ಸಿಗುವಂಥದ್ದು. ನಾಲ್ಕು ಸ್ವರ ಯಾರ ಸ್ವತ್ತೂ ಅಲ್ಲ, ಹಾಗೆಯೇ 68 ಎಂಬ ಸಂಖ್ಯೆ ಯಾರ ಸ್ವತ್ತೂ ಅಲ್ಲ, ಶಂಕರಾಭರಣ ಯಾರ ಸ್ವತ್ತೂ ಅಲ್ಲ. ಇವನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಆದರೆ ತೆಗೆದುಕೊಂಡ ಮಾತ್ರಕ್ಕೆ ಭಾವ ಜೊತೆಯಲ್ಲಿ ಬರುವುದಿಲ್ಲ ಎಂಬುದನ್ನು ನನಗೆ ಕಲಿಸಿದವಳು ಒಂಬತ್ತನೆಯ ತರಗತಿಯ ಆ ಹುಡುಗಿ.

ಇದಕ್ಕೆ ನಗೆಯ ಉದಾಹರಣೆಯೊಂದೂ ಇದೆ. 2012ರ ಜುಲೈ 27ರಂದು ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಸೈಮನ್ ರ್‍ಯಾಟಲ್ ಅವರ ನಿರ್ದೇಶನದಲ್ಲಿ ಲಂಡನ್ ಸಿಂಫನಿ ವಾದ್ಯವೃಂದ ಇದೇ ಸಂಗೀತವನ್ನು ನುಡಿಸಿತು. ಕೀಬೋರ್ಡಿನ ಮುಂದೆ ಕುಳಿತವರು ಮಿಸ್ಟರ್ ಬೀನ್ ಪಾತ್ರಧಾರಿ ರೋವನ್ ಅಟ್ಕಿನ್‌ಸನ್. ಅವರ ಪಾಲಿಗೆ ಬಂದ ಕೆಲಸ ಒಂದೇ: ಆ ಅಡಿಯ ಮಿಡಿತದ ಒಂದೇ ಸ್ವರವನ್ನು ಒಂದೇ ಬೆರಳಿನಿಂದ ಒತ್ತುತ್ತಾ ಇರುವುದು. ಅವರಿಗೆ ಬೇಸರ ಬರುತ್ತದೆ. ಮೊಬೈಲು ನೋಡುತ್ತಾರೆ, ಸೀನುತ್ತಾರೆ, ಕೊಡೆಯ ತುದಿಯಿಂದ ಸ್ವರ ಒತ್ತುತ್ತಾರೆ, ಕೊನೆಗೆ ಕಡಲತೀರದಲ್ಲಿ ತಾವೇ ಓಡುವ ಕನಸು ಕಾಣುತ್ತಾರೆ. ಕ್ರೀಡಾಂಗಣವಿಡೀ ನಕ್ಕಿತು. ಅದೇ ರಾಗ, ಅದೇ ಮಿಡಿತ. ಮೂವತ್ತು ವರ್ಷ ಜನರ ಕಣ್ಣಲ್ಲಿ ನೀರು ತರಿಸಿದ ಸಂಗೀತ ಅಂದು ನಗು ತರಿಸಿತು. ಏಕೆಂದರೆ ಆ ಮಿಡಿತದ ಜೊತೆಗೆ ಅಂದು ನಮ್ಮ ಕಣ್ಣಿಗೆ ಕಂಡದ್ದು ಓಡುವ ಕಾಲಲ್ಲ, ಆಕಳಿಸುವ ಬೆರಳು.

ಹಾಗಾದರೆ ಭಾವ ಎಲ್ಲಿದೆ? ಗತಿ ದಾರಿ ತೋರಿಸುತ್ತದೆ, ರಾಗ ಬಣ್ಣ ಕೊಡುತ್ತದೆ, ಶ್ರುತಿ ನಿಲ್ಲಲು ನೆಲ ಕೊಡುತ್ತದೆ. ಆದರೆ ಸಂಗೀತ ಯಾವುದರ ಜೊತೆಗೆ ಸೇರುತ್ತದೋ ಅದಕ್ಕೆ ತಕ್ಕಂತೆ ಭಾವ ಮೂಡುತ್ತದೆ. ಅದು ಚಿತ್ರವಿರಬಹುದು, ಕೇಳುವವರ ನೆನಪಿರಬಹುದು, ಒಬ್ಬ ಮನುಷ್ಯನ ಮುಖವಿರಬಹುದು. ಜೋಡಿಸುವ ಕೆಲಸ ನಮ್ಮಂಥವರ ಕೈಯಲ್ಲಿದೆ. ಸಂಗೀತಕ್ಕೆ ಮಾತಿಲ್ಲದ ಕಾರಣ ಅದರ ಮೂಲಕ ಹೇಳಿದ್ದನ್ನು 'ಸುಳ್ಳು' ಎಂದು ಯಾರೂ ಎದ್ದು ಆಕ್ಷೇಪಿಸುವುದಿಲ್ಲ. ಯಾರನ್ನು ಚಿತ್ರಿಸಿದ್ದೇವೋ ಅವರು ಫೋನು ಮಾಡಿದರೆ ಮಾತ್ರ ಗೊತ್ತಾಗುತ್ತದೆ. ಎಲ್ಲರೂ ಮಾಡುವುದಿಲ್ಲ.

ಮುಂದಿನ ವಾರ ಅದೇ ಕಾರ್ಯಕ್ರಮದ ಕೊನೆಯಲ್ಲಿ ಎರಡು ನಿಮಿಷ ಜಾಗ ಮಾಡಿಕೊಂಡು ಆ ಓಟದ ಕೊನೆಯ ಸುತ್ತನ್ನು ಮತ್ತೆ ತೋರಿಸಿದೆ. ವೇಗ ಇದ್ದದ್ದು ಇದ್ದಂತೆಯೇ. ಸಂಗೀತವಿಲ್ಲ. ಮಣ್ಣಿನ ಮೇಲೆ ಬೀಳುವ ಪಾದದ ಸದ್ದು, ಏದುಸಿರು, ಮೈದಾನದ ಅಂಚಿನಿಂದ ಗೆಳತಿಯರ ಕೂಗು. ಗುರಿ ದಾಟಿದ ಮೇಲೆ ಅವಳ ಸಮಯವನ್ನೂ, ಹಿಂದಿನ ವರ್ಷದ ಸಮಯವನ್ನೂ ತೆರೆಯ ಮೇಲೆ ಬರೆದು ತೋರಿಸಿದೆ. ಆ ಸಲ ಸಂಕಲನದ ಕೋಣೆಯಲ್ಲಿ ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಒಬ್ಬರು "ಏನು ಓಡ್ತಾಳ್ರೀ!" ಎಂದರು. ಶಾಲೆಯಿಂದ ಮತ್ತೆ ಫೋನು ಬರಲಿಲ್ಲ. ಅದನ್ನೇ ಒಪ್ಪಿಗೆಯೆಂದು ತಿಳಿದುಕೊಂಡೆ.

ಮಿತ್ರರೇ, ಈಗ ಕ್ಯಾಮೆರಾ ನಮ್ಮಂಥವರ ಸ್ವತ್ತಾಗಿ ಉಳಿದಿಲ್ಲ. ನಿಮ್ಮಲ್ಲಿ ಬಹಳ ಮಂದಿ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತೀರಿ, ಅದಕ್ಕೆ ಸಂಗೀತ ಸೇರಿಸಿ ಗೆಳೆಯರಿಗೆ ಕಳಿಸುತ್ತೀರಿ. ನಾನು ಅಂದು ಅರ್ಧ ದಿನ ಕುಳಿತು ಮಾಡಿದ ಕೆಲಸವನ್ನು ನೀವು ಅರ್ಧ ನಿಮಿಷದಲ್ಲಿ ಮಾಡಬಲ್ಲಿರಿ. ಹಾಗಾಗಿ ಈ ವಾರ ಒಂದು ಅಭ್ಯಾಸ ಕೊಡುತ್ತೇನೆ. ನಿಮ್ಮ ತಂಗಿ ಶಾಲೆಗೆ ಹೊರಡುವುದನ್ನೋ, ಅಜ್ಜ ಬಸ್ಸು ಹತ್ತುವುದನ್ನೋ ಒಂದು ನಿಮಿಷ ಚಿತ್ರಿಸಿಕೊಳ್ಳಿ. ಅದನ್ನು ಮೂರು ರೀತಿ ನೋಡಿ. ಮೊದಲು ಅದರದೇ ಸದ್ದಿನೊಡನೆ. ಆಮೇಲೆ ನಿಮಿಷಕ್ಕೆ 70ರ ಆಸುಪಾಸಿನ ನಿಧಾನದ ವಾದ್ಯಸಂಗೀತದೊಡನೆ. ಕೊನೆಗೆ 130ರ ವೇಗದ ಸಂಗೀತದೊಡನೆ. ಗತಿ ಎಣಿಸುವುದು ಕಷ್ಟವಲ್ಲ: 15 ಸೆಕೆಂಡು ತಾಳ ತಟ್ಟಿ, ಬಂದದ್ದನ್ನು ನಾಲ್ಕರಿಂದ ಗುಣಿಸಿ. ಪ್ರತಿ ಸಲವೂ ನಿಮಗೆ ಅನ್ನಿಸಿದ್ದನ್ನು ಒಂದೊಂದು ಪದದಲ್ಲಿ ಬರೆದಿಡಿ.

ಬರೆದ ಮೇಲೆ ಆ ಮೂರನ್ನೂ ಅಜ್ಜನಿಗೆ ತೋರಿಸಿ, ತಂಗಿಗೆ ತೋರಿಸಿ. 'ಇದರಲ್ಲಿ ನೀನು ಯಾವುದು?' ಎಂದು ಕೇಳಿ. ಅವರು ಕೊಡುವ ಉತ್ತರವನ್ನು ನಿಮ್ಮ ಮೂರು ಪದಗಳ ಪಕ್ಕದಲ್ಲಿ ಬರೆದುಕೊಳ್ಳಿ. ಎರಡೂ ಹೊಂದದಿದ್ದರೆ ಸಂಗೀತ ಬದಲಾಯಿಸಿ, ಮತ್ತೆ ತೋರಿಸಿ.